ತಂತಿಯ ಮೇಲೆ ಒಣಗುವ ಬಟ್ಟೆ ನೋಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ 28 ವರ್ಷ ಹೊಲಿಗೆ ಅಂಗಡಿ ನಡೆಸಿದವಳು ನಾನು. ಬ್ಲೌಸ್ ಹೊಲಿಯುತ್ತಾ ಹೊಲಿಯುತ್ತಾ ದಿಂಬಿನ ಗವಸು, ದಿವಾನದ ಹೊದಿಕೆ, ಪರದೆಗೆ ಬಂದೆ. ಈಗ ಜನ ಗೋಡೆಯ ಬಣ್ಣವನ್ನೂ ನನ್ನನ್ನೇ ಕೇಳುತ್ತಾರೆ. ಹೋದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ: ಮನೆ ಹೇಗಿರಬೇಕು ಅಂತ ತಿಳಿಯದಿದ್ದರೆ ನೀವು ಉಡುವ ಬಟ್ಟೆ ನೋಡಿ, ಅದೂ ಬೀರುವಿನಲ್ಲಿ ಅಲ್ಲ, ಒಣಹಾಕುವ ತಂತಿಯ ಮೇಲೆ. ಬೀರು ನೀವು ಏನು ಕೊಂಡಿರಿ ಎಂದು ಹೇಳುತ್ತದೆ. ತಂತಿ ನೀವು ಏನು ಉಟ್ಟಿರಿ ಎಂದು ಹೇಳುತ್ತದೆ. ಅದನ್ನು ಓದಿ ಬಂದ ಪತ್ರಗಳು ಇವು.

ಕೊಪ್ಪಳದ ಓದುಗರು ಕೇಳಿದ್ದಾರೆ:
ಅಕ್ಕಾ, ಹೊಸ ಮನೆ ಕಟ್ಟಿದ್ದೇವೆ, ಪೇಂಟ್ ಒಂದು ಬಾಕಿ. ನನಗೆ ಇಳಕಲ್ ಸೀರೆ ಅಂದರೆ ಜೀವ. ದಾಳಿಂಬೆ ಬಣ್ಣದ್ದು ಒಂದಿದೆ, ಅದನ್ನು ಉಟ್ಟಾಗೆಲ್ಲ ‘ಎಷ್ಟು ಚಂದ ಕಾಣ್ತೀ’ ಅಂತಾರೆ. ಪಡಸಾಲೆಗೆ ಅದೇ ಬಣ್ಣ ಹೊಡೆಸೋಣ ಅಂದರೆ ನಮ್ಮ ಮನೆಯವರು ‘ಮನೀನ ಹೋಟೆಲ್ ಮಾಡ್ತೀ ಏನು’ ಅಂತ ಕೇಳ್ತಾರೆ. ಯಾರು ಸರಿ?

ತಂಗೀ, ನಿಮ್ಮ ಮನೆಯವರಿಗೆ ನನ್ನ ಕಡೆಯಿಂದ ಒಂದು ಕಪ್ ಚಹಾ ಕೊಡು. ಈ ಸಲ ಅವರೇ ಸರಿ. ಆದರೆ ನಿನ್ನ ಸೀರೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಮೊದಲು ನನ್ನ ಪೆದ್ದುತನ ಹೇಳುತ್ತೇನೆ. ನನ್ನ ಹತ್ತಿರ ಗಿಳಿಹಸಿರು ಸೀರೆಯೊಂದಿತ್ತು, ನೂರು ಸಲ ಉಟ್ಟಿರಬೇಕು. ಅದರ ತುಂಡು ಒಯ್ದು, ಬಣ್ಣದ ಅಂಗಡಿಯಲ್ಲಿ ಅದಕ್ಕೇ ಹೊಂದಿಸಿ, ಮಲಗುವ ಕೋಣೆಯ ನಾಲ್ಕೂ ಗೋಡೆಗೆ ಹೊಡೆಸಿದೆ. ಎರಡು ಕೋಟ್ ಒಣಗಿದ ಮೇಲೆ ಒಳಗೆ ಹೋದರೆ ಹಸಿರು ಬಾಟಲಿಯೊಳಗೆ ಬಿದ್ದ ಹಾಗಾಯಿತು. ಕನ್ನಡಿಯಲ್ಲಿ ನನ್ನ ಮುಖವೂ ಹಸಿರು! ಆರು ತಿಂಗಳು ಅದರಲ್ಲೇ ಮಲಗಿದೆ, ದುಡ್ಡು ಕೊಟ್ಟಿದ್ದೆನಲ್ಲ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಸೀರೆಗೆ ನೆರಿಗೆ ಇರುತ್ತದೆ. ನೆರಿಗೆಯ ಏರಿನಲ್ಲಿ ಬೆಳಕು, ಇಳಿಜಾರಿನಲ್ಲಿ ನೆರಳು. ಒಂದೇ ಬಣ್ಣ ಹತ್ತು ಬಣ್ಣವಾಗಿ ಕಾಣುತ್ತದೆ. ಇಳಕಲ್ಲಿನ ಹಾಸು (ಉದ್ದದ ನೂಲು) ಒಂದು ಬಣ್ಣ, ಹೊಕ್ಕು (ಅಡ್ಡ ನೂಲು) ಒಂದು ಬಣ್ಣ ಇದ್ದರಂತೂ ನಡೆದಾಡಿದ ಹಾಗೆ ಬಣ್ಣವೂ ಆಡುತ್ತದೆ. ಗೋಡೆ ನಡೆದಾಡುವುದಿಲ್ಲ. ಅದು ಚಪ್ಪಟೆ. ಮೇಲೆ ಎದುರಿನ ಗೋಡೆಯ ಬಣ್ಣ ಇದರ ಮೇಲೆ ಬಿದ್ದು, ಇದರದ್ದು ಅದರ ಮೇಲೆ ಬಿದ್ದು, ಬಣ್ಣ ಇನ್ನೂ ಗಾಢವಾಗುತ್ತದೆ. ಅಂಗಡಿಯ ಬಣ್ಣದ ಚೀಟಿಯಲ್ಲಿ ತಿಳಿಯಾಗಿ ಕಂಡದ್ದು ಮನೆಯಲ್ಲಿ ಎರಡು ಮೆಟ್ಟಿಲು ಹೆಚ್ಚಾಗಿಯೇ ಕಾಣುವುದು ಇದಕ್ಕೆ.

ಇನ್ನೊಂದು ಮಾತು ಯೋಚಿಸಿ ನೋಡು. ದಾಳಿಂಬೆ ಸೀರೆ ಉಟ್ಟು ನೀನು ಚಂದ ಕಂಡಾಗ ಹಿಂದೆ ಯಾವ ಗೋಡೆ ಇತ್ತು? ನೆನಪಿಲ್ಲ, ಅಲ್ವಾ? ನೆನಪಿರದಷ್ಟು ಸಪ್ಪೆ ಗೋಡೆ ಇತ್ತು, ಅದಕ್ಕೇ ಸೀರೆ ಎದ್ದು ಕಂಡಿತು. ಗೋಡೆಗೂ ದಾಳಿಂಬೆ ಹೊಡೆದರೆ ಆ ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತ ದಿನ ನೀನೇ ಮಾಯ.

ಹಾಗಾದರೆ ಸೀರೆಯಿಂದ ತೆಗೆದುಕೊಳ್ಳುವುದು ಏನು? ಅಳತೆ. ಇಳಕಲ್ ಸೀರೆಯನ್ನು ಮಂಚದ ಮೇಲೆ ಪೂರ್ತಿ ಹಾಸು. ಒಡಲು ಎಷ್ಟು, ದಡಿ ಎಷ್ಟು, ಸೆರಗು ಎಷ್ಟು? ಒಡಲೇ ಬಹಳ, ಅದು ಗದ್ದಲ ಮಾಡುವುದಿಲ್ಲ. ದಡಿ ಉದ್ದಕ್ಕೂ ಇದೆ, ಆದರೆ ಕಿರಿದು. ಟೋಪ ತೆನಿ ಅನ್ನುವ ಇಳಕಲ್ಲಿನ ಸೆರಗು ಕೆಂಪು, ನಡುವೆ ಬಿಳಿ, ಮತ್ತೆ ಕೆಂಪು; ಅದು ಒಂದೇ ಕಡೆ. ಎಲ್ಲಾ ಜೋರು ಆ ತುದಿಯಲ್ಲಿ. ನೇಯುವವರು ಸೆರಗಿನ ಹಾಸನ್ನು ಬೇರೆ ಮಾಡಿ, ಒಡಲಿನ ಹಾಸಿನ ನೂಲಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಎರಡು ಬೇರೆ ಬಟ್ಟೆ ಅಂತಲೇ ತಿಳಿದು ಒಂದು ಮಾಡುವ ಕೆಲಸ ಅದು.

ಪಡಸಾಲೆಗೂ ಹಾಗೇ ಮಾಡು. ಮೂರು ಗೋಡೆಗೆ ಜೋಳದ ರೊಟ್ಟಿಯಂಥ ಬಣ್ಣ, ಅಚ್ಚ ಬಿಳಿ ಬೇಡ. ಸೆರಗು ಒಂದೇ ಕಡೆ ಬರಲಿ: ದೇವರ ಮನೆ ಬಾಗಿಲಿನ ಪರದೆ, ಇಲ್ಲವೇ ದಿವಾನದ ಹಿಂದಿನ ಗೋಡೆ. ಎರಡೂ ಒಟ್ಟಿಗೆ ಬೇಡ. ದಡಿಯ ಲೆಕ್ಕ ನಮ್ಮ ಹಳ್ಳಿ ಮನೆಗಳಲ್ಲೇ ಇದೆ. ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದರಲ್ಲ? ಮಳೆ ಹನಿ ಸಿಡಿಯುವುದು, ಕಸಬರಿಗೆ ತಾಗುವುದು ಅಲ್ಲೇ. ಸೀರೆಯ ದಡಿಯೂ ನೆಲಕ್ಕೆ ತಾಗುವ ಕಡೆಯೇ ಗಟ್ಟಿ, ಗಾಢ. ಚಂದಕ್ಕೆ ಅಂತ ನಾವು ತಿಳಿದಿರುವುದು ಮೊದಲು ಕೆಲಸಕ್ಕೆ ಬಂದದ್ದು. ನಿನ್ನ ದಾಳಿಂಬೆಯನ್ನು ಗೋಡೆಯ ಬುಡದಲ್ಲಿ ನಾಲ್ಕು ಬೆರಳು ಅಗಲ ಓಡಿಸು. ಒರೆಸುವ ಬಟ್ಟೆಯ ಕಲೆಯೂ ಕಾಣುವುದಿಲ್ಲ.

ಹೊಡೆಸುವ ಮೊದಲು ಎರಡು ಅಡಿ ಚೌಕದ ಹಲಗೆಗೆ ಬಣ್ಣ ಬಳಿದು ಗೋಡೆಗೆ ಆನಿಸು. ಪಕ್ಕದಲ್ಲಿ ಸೀರೆ ಇಳಿಬಿಡು. ಬೆಳಿಗ್ಗೆ ನೋಡು, ಮಧ್ಯಾಹ್ನ 3 ಗಂಟೆಗೆ ನೋಡು, ರಾತ್ರಿ ಲೈಟ್ ಹಾಕಿ ನೋಡು. ಮೂರೂ ಹೊತ್ತು ಸೀರೆ ಚಂದ ಕಂಡರೆ ಆ ಬಣ್ಣ ನಿನ್ನದು. ಇನ್ನೂ ಬಣ್ಣದ ಹಸಿವು ಉಳಿದರೆ ಕಿನ್ನಾಳ ನಿಮ್ಮ ಊರಿನ ಮಗ್ಗುಲಲ್ಲೇ ಇದೆ. ಅಲ್ಲಿಯ ಕಟ್ಟಿಗೆಯ ಗೊಂಬೆ ಒಂದನ್ನು ತಂದು ಗೂಡಿನಲ್ಲಿಡು. ಕೆಂಪು, ಹಸಿರು, ಹಳದಿ ಎಲ್ಲಾ ಅದೇ ತರುತ್ತದೆ.

ಬಳ್ಳಾರಿಯ ಓದುಗರು ಕೇಳಿದ್ದಾರೆ:
ನನ್ನ ತಂತಿಯ ಮೇಲೆ ಇರುವುದು ಜೀನ್ಸ್ ಮತ್ತು ಕಪ್ಪು ಟೀ ಶರ್ಟ್, ಬೇರೇನಿಲ್ಲ. ನನ್ನ ರೂಮಿಗೆ ಕಪ್ಪು ಗೋಡೆ ಮಾಡಿ, ಹಳೆ ಜೀನ್ಸ್ ಕೂಡಿಸಿ ಪರದೆ ಹೊಲಿಸಬೇಕು ಅಂತಿದ್ದೇನೆ. ಹೊಲಿದು ಕೊಡ್ತೀರಾ ಅಕ್ಕಾ?

ಇಲ್ಲ ತಮ್ಮಾ. ಒಂದು ಸಲ ಹೊಲಿದು ಕೈ ಸುಟ್ಟುಕೊಂಡಿದ್ದೇನೆ. ನಮ್ಮೂರು ಜೀನ್ಸ್ ಊರು, ತುಂಡುಗಳಿಗೆ ಬರವೇ? ಸುಮ್ನೆ ಆಸೆಪಟ್ಟು 22 ತುಂಡು ಕೂಡಿಸಿ ನಮ್ಮ ಮನೆಗೇ ಪರದೆ ಮಾಡಿದೆ. ಭಾರಕ್ಕೆ ರಾಡ್ ಬಾಗಿತು. ಮಳೆಗಾಲದ ಹಸಿಗೆ ಪಕ್ಕದ ಗೋಡೆಯೆಲ್ಲ ನೀಲಿ. ಜೀನ್ಸಿನ ನೀಲಿ ನೂಲಿನ ಒಳಗಿನವರೆಗೆ ಇಳಿದಿರುವುದಿಲ್ಲ, ಮೇಲುಮೇಲೆ ಕೂತಿರುತ್ತದೆ. ಉಜ್ಜಿದಷ್ಟು ಬಿಡುತ್ತದೆ. ಮೊಣಕಾಲಲ್ಲಿ ಬಿಳಿಚಿಕೊಂಡು ಚಂದ ಕಾಣುವುದೂ ಅದಕ್ಕೇ, ಗೋಡೆ ಕೆಡಿಸುವುದೂ ಅದಕ್ಕೇ. ಮೇಲೆ ದಪ್ಪ ಬಟ್ಟೆ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಸಂಜೆ ಬರುವ ಸ್ವಲ್ಪ ಗಾಳಿಯನ್ನೂ ಅದು ತಡೆಯುತ್ತದೆ. ತೊಳೆಯುವುದಂತೂ ಕೇಳಲೇಬೇಡ.

ಕಪ್ಪು ಗೋಡೆಯ ವಿಚಾರ. ಕಪ್ಪು ಟೀ ಶರ್ಟ್ ಹಾಕಿಕೊಂಡು ಬೈಕಿನಲ್ಲಿ ಹೊರಗೆ ಹೋಗಿ ಬಾ, ಭುಜದ ಮೇಲೆ ಕೈ ಎಳೆದು ನೋಡು. ಬಳ್ಳಾರಿಯ ಧೂಳು ಯಾವ ಬಣ್ಣದ್ದು ಅಂತ ನಿನಗೇ ಗೊತ್ತು. ಶರ್ಟನ್ನು ದಿನಾ ಒಗೆಯುತ್ತೀ, ಗೋಡೆಯನ್ನು ಒಗೆಯುತ್ತೀಯಾ? ಕಪ್ಪು ನಮ್ಮ ಕಡೆಗೆ ಹೊಸದಲ್ಲ. ನಮ್ಮ ಅಜ್ಜಿಯರಿಗೆ ಚಂದ್ರಕಾಳಿ ಸೀರೆ ಇತ್ತು. ಕಪ್ಪು ಒಡಲು, ಆದರೆ ಬರೀ ಕಪ್ಪಲ್ಲ: ಕೆಂಪು ದಡಿ, ಮೇಲೆ ಕೈಕಸೂತಿಯ ಗೋಪುರ, ತೇರು, ಆನೆ. ಕಪ್ಪನ್ನು ಕಾಗದದ ಹಾಗೆ ಬಳಸಿದರು, ಅದರ ಮೇಲೆ ಬರೆದರು. ಅದರಂತೆ ನಿನ್ನ ಮೇಜಿನ ಹಿಂದೆ ಮೂರಡಿ ಜಾಗ ಕಪ್ಪು ಮಾಡು, ಅದರ ಮೇಲೆ ಏನಾದರೂ ತೂಗುಹಾಕು. ಅಷ್ಟು ಸಾಕು.

ಜೀನ್ಸನ್ನು ಬಿಡಬೇಡ. ಒಳಮಗ್ಗಲು ತಿರುಗಿಸಿ ನೋಡು. ಹಾಸಿನ ನೂಲು ನೀಲಿ, ಹೊಕ್ಕಿನ ನೂಲು ಬಿಳಿ. ಹಾಗಾಗಿ ಒಳಗೆ ಬೂದಿಯಂಥ ತಿಳಿನೀಲಿ ಕಾಣುತ್ತದೆ. ನಿನ್ನ ಗೋಡೆಯ ಬಣ್ಣ ಅದು, ಕಣ್ಣು ಮುಚ್ಚಿ ಹೊಡೆಸು. ಹೊರಗಿನ ಕಡುನೀಲಿ ಹಾಸಿಗೆಯ ಹೊದಿಕೆಗೆ ಇರಲಿ, ಅದು ತೆಳು ಹತ್ತಿಯದಾಗಿರಲಿ. ಹೊಲಿಗೆಯ ದಾರ ನೋಡು, ಸಾಸಿವೆ ಹಳದಿ. ಇಡೀ ಪ್ಯಾಂಟಿನಲ್ಲಿ ಗೆರೆಯಷ್ಟೇ ಇದೆ, ಆದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ರೂಮಿನಲ್ಲೂ ಗೆರೆಯಷ್ಟೇ ಬರಲಿ: ದಿಂಬಿನ ಅಂಚು, ಲ್ಯಾಂಪಿನ ವೈರು. ಆಮೇಲೆ ಕಿಸೆಯ ಮೂಲೆಯ ತಾಮ್ರದ ರಿವೆಟ್. ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ಟೈಲರ್ ಹಾಕಲು ಶುರುಮಾಡಿದ್ದು ಅದು. ಕೂಲಿಯವರ ಕಿಸೆ ಹರಿಯುತ್ತಿತ್ತು, ಹರಿಯುವ ಮೂಲೆಗೆ ಲೋಹ ಬಡಿದ. 1873ರಲ್ಲಿ ಲೀವೈ ಸ್ಟ್ರಾಸ್ ಜೊತೆ ಪೇಟೆಂಟ್ ಪಡೆದ. (ನಮ್ಮ ಕಸುಬಿನವನು, ಅದಕ್ಕೇ ಎಲ್ಲರಿಗೂ ಹೇಳುತ್ತಿರುತ್ತೇನೆ.) ನೀನೂ ಲೋಹವನ್ನು ಭಾರ ಬೀಳುವಲ್ಲಿ ಹಾಕು. ಬ್ಯಾಗ್, ಹೆಲ್ಮೆಟ್ ನೇತುಹಾಕಲು ಬಾಗಿಲ ಹಿಂದೆ ನಾಲ್ಕು ತಾಮ್ರದ ಕೊಕ್ಕೆ. ನೋಡುವುದಕ್ಕೆ ಅಂತ ಎಲ್ಲೂ ಬೇಡ.

ರಾಯಚೂರಿನ ನಿವೃತ್ತ ಶಿಕ್ಷಕರು ಕೇಳಿದ್ದಾರೆ:
ನಾನು ನಲವತ್ತು ವರ್ಷದಿಂದ ಬಿಳಿ ಧೋತರ, ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಮನೆಗೂ ಬಿಳಿಯೇ ಬೇಕು. ಮಗ ಆಸ್ಪತ್ರೆ ಥರ ಕಾಣುತ್ತದೆ ಎನ್ನುತ್ತಾನೆ.

ಮಾಸ್ತರೇ, ನಿಮ್ಮ ಅಂಗಿ ಯಾಕೆ ಆಸ್ಪತ್ರೆಯ ಥರ ಕಾಣುವುದಿಲ್ಲ ಹೇಳಿ? ನಿಮ್ಮ ಮನೆಯವರು ನೀಲಿ ಹಾಕಿ ಅದ್ದುತ್ತಾರೆ. ಹಳದಿ ತಿರುಗಿದ ಬಿಳಿಗೆ ಒಂದು ಚಿಟಿಕೆ ನೀಲಿ ಬಿದ್ದರೆ ಹಳದಿ ಅಡಗುತ್ತದೆ. ಸುಣ್ಣಕ್ಕೂ ನಮ್ಮವರು ಅದೇ ನೀಲಿ ಕಲಸುತ್ತಿದ್ದರು, ನಿಮಗೆ ಗೊತ್ತೇ ಇದೆ. ಪೇಂಟ್ ಅಂಗಡಿಯಲ್ಲೂ ನೀಲಿಯ ಕಡೆ ವಾಲಿದ ಬಿಳಿ, ಹಳದಿಯ ಕಡೆ ವಾಲಿದ ಬಿಳಿ ಎರಡೂ ಸಿಗುತ್ತವೆ. ಬಿಸಿಲು ಸುರಿಯುವ ಪಶ್ಚಿಮದ ಕೋಣೆಗೆ ಮೊದಲನೆಯದು, ಬೆಳಕು ಕಡಿಮೆ ಇರುವ ಒಳಕೋಣೆಗೆ ಎರಡನೆಯದು. ಇನ್ನು ನಿಮ್ಮ ಧೋತರಕ್ಕೂ ಒಂದು ದಡಿ ಇರಬೇಕಲ್ಲ? ಆ ಬಣ್ಣವನ್ನು ಕಿಟಕಿ ಚೌಕಟ್ಟಿಗೆ ಹೊಡೆಸಿ. ಮಗ ಮಾತಾಡಲಿಕ್ಕಿಲ್ಲ. ಮಾತಾಡಿದರೂ ನೀವು ಮಾಸ್ತರು, ಸುಮ್ಮನಿರಿಸುವುದು ಗೊತ್ತು.

ಸಿಂಧನೂರಿನ ಓದುಗರು ಕೇಳಿದ್ದಾರೆ:
ಅವ್ವ ತೀರಿಕೊಂಡು ವರ್ಷವಾಯಿತು. ಅವಳ ಮೂವತ್ತು ಸೀರೆ ಟ್ರಂಕಿನಲ್ಲಿವೆ. ನನಗೆ ಉಡೋಕೆ ಮನಸ್ಸಿಲ್ಲ, ಕೊಡೋಕೂ ಮನಸ್ಸಿಲ್ಲ. ಮನೆಯಲ್ಲಿ ಕಣ್ಣಿಗೆ ಬೀಳುವ ಹಾಗೆ ಏನಾದರೂ ಮಾಡಬಹುದಾ?

ಮಾಡಬಹುದಮ್ಮಾ. ಆದರೆ ಪರದೆ ಮಾಡಿಸಬೇಡ. ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಬಣ್ಣ ಹೋಗುತ್ತದೆ, ಆಗ ಇನ್ನೊಂದು ಸಲ ಕಳೆದುಕೊಂಡ ಹಾಗೆ ಆಗುತ್ತದೆ. ಕುರ್ಚಿಯ ಕುಶನ್ನೂ ಬೇಡ, ಬಂದವರು ಕೂತು ಎದ್ದು ಹೋಗುವ ಜಾಗ ಅದು.

ಕೌದಿ ಹೊಲಿಸು. ಮೊದಲು ಮೂವತ್ತನ್ನೂ ನೆಲದ ಮೇಲೆ ಹಾಸಿ ಅವ್ವ ದಿನಾ ಉಟ್ಟದ್ದು ಯಾವುದು ಅಂತ ಬೇರೆ ಮಾಡು. ತಿಳಿಯುವುದು ಸುಲಭ. ಮೆತ್ತಗಾಗಿರುತ್ತದೆ, ಸೆರಗಿನ ತುದಿಯಲ್ಲಿ ಒರೆಸಿದ ಅರಿಸಿನ ಇರುತ್ತದೆ. ಕೌದಿಗೆ ಅವೇ ಬೇಕು. ಬೀರುವಿನಲ್ಲಿ ಮಡಚಿಟ್ಟ ರೇಷ್ಮೆ ಬೇಡ. ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಹತ್ತಿಯ ಜೊತೆ ಒಗೆದರೆ ಒಂದು ಕುಗ್ಗಿ ಒಂದು ಕುಗ್ಗದೆ ಉಬ್ಬು ಬರುತ್ತದೆ. ಇಳಕಲ್ ಇದ್ದರೆ ಒಡಲಿನ ಹತ್ತಿ ತಗೋ, ಸೆರಗು ಕೂಡಿಸಿದ ಜಾಗವನ್ನು ಕತ್ತರಿಸಬೇಡ, ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸೆರಗನ್ನು ಹಾಗೇ ಬಿಡು. ಕೌದಿಯ ಒಳಪದರಕ್ಕೆ ಹರಿದದ್ದು, ತೂತು ಬಿದ್ದದ್ದು ಎಲ್ಲಾ ಹೋಗುತ್ತದೆ, ಒಂದು ಚೂರೂ ದಂಡವಾಗುವುದಿಲ್ಲ. ಕೈಯಿಂದಲೇ ಹೊಲಿಸು. ನಮ್ಮ ಅಂಗಡಿಯ ಮಿಷಿನ್ನಿನಲ್ಲಿ ಒಂದು ದಿನಕ್ಕೆ ಮುಗಿಸಿಕೊಡಬಲ್ಲೆ, ಆದರೆ ಮಿಷಿನ್ ಹೊಲಿಗೆ ಕೌದಿಯನ್ನು ಹಲಗೆಯ ಹಾಗೆ ಬಿರುಸು ಮಾಡುತ್ತದೆ. ನಿಮ್ಮ ಓಣಿಯಲ್ಲಿ ಕೌದಿ ಹಾಕುವ ಮುದುಕಿಯರು ಇನ್ನೂ ಇರುತ್ತಾರೆ, ಅವರ ಪಕ್ಕ ಕೂತು ನೀನೂ ನಾಲ್ಕು ಸಾಲು ಹಾಕು. ಮಂಚದ ಕಾಲಿನ ಕಡೆ ಮಡಚಿಟ್ಟರೆ ದಿನಾ ಕಣ್ಣಿಗೆ ಬೀಳುತ್ತದೆ, ಚಳಿಗಾಲದಲ್ಲಿ ಮೈಮೇಲೂ ಬರುತ್ತದೆ.

ಒಂದು ಸೀರೆಗೆ ಕತ್ತರಿ ತಾಗಿಸಬೇಡ. ಯಾವುದು ಅಂತ ನಾನು ಹೇಳಬೇಕಾಗಿಲ್ಲ.

ಸಂಡೂರಿನ ಓದುಗರು ಕೇಳಿದ್ದಾರೆ:
ಲಂಬಾಣಿ ಕಸೂತಿಯ ಜಾಕೆಟ್, ಚೀಲ ಎಲ್ಲಾ ನನ್ನ ಹತ್ತಿರ ಇವೆ. ಸೋಫಾ ಕವರನ್ನೂ ಅದರಲ್ಲೇ ಮಾಡಿಸಲಾ?

ಬೇಡ. ಕನ್ನಡಿ, ಕವಡೆ ಇರುವ ಬಟ್ಟೆಯ ಮೇಲೆ ಯಾರಾದರೂ ಹತ್ತು ನಿಮಿಷ ಕೂತು ತೋರಿಸಲಿ ನೋಡೋಣ! ಲಂಬಾಣಿ ಹೆಂಗಸರು ಕನ್ನಡಿಯನ್ನು ಕಾಂಚಳಿಗೆ (ಅವರ ರವಿಕೆ), ಫೇಟಿಯಾದ (ಅವರ ಲಂಗ) ಪಟ್ಟಿಗೆ ಇಟ್ಟರು, ಮೈ ಆಡಿದಾಗ ಮಿಂಚುವ ಕಡೆ. ಮನೆಯಲ್ಲೂ ಆಡುವ ಕಡೆ ಇರಲಿ: ಬಾಗಿಲ ತೋರಣ, ಗಾಳಿಗೆ ತೂಗುವ ಪಟ್ಟಿ. ಎದುರಿಗೆ ಒಂದು ಸಣ್ಣ ದೀಪ. ಲಂಬಾಣಿ ಕಸೂತಿ ಮಾಡಿಸುವ ಸಂಡೂರಿನ ಕುಶಲ ಕಲಾ ಕೇಂದ್ರ ನಿಮ್ಮ ಊರಲ್ಲೇ ಇದೆ, ಹೋಗಿ ಕೈಯಲ್ಲಿ ಮುಟ್ಟಿ ನೋಡಿ ತನ್ನಿ.

ಗಂಗಾವತಿಯ ಓದುಗರು ಕೇಳಿದ್ದಾರೆ:
ನಿಮ್ಮ ಮಾತು ಕೇಳಿ ಒಂದು ವಾರ ತಂತಿ ನೋಡಿದೆ. ಬರೀ ನೈಟಿ! ಮನೆಯನ್ನು ನೈಟಿ ಥರ ಮಾಡಲಾ?

ನಕ್ಕು ನಕ್ಕು ಸಾಕಾಯಿತು ತಾಯೀ. ಆದರೆ ಹೌದು, ಮಾಡಿ. ನೈಟಿಯನ್ನು ನೀವು ಯಾಕೆ ಬಿಡುವುದಿಲ್ಲ? ಹತ್ತಿಯದು, ಸಡಿಲ, ಎಲ್ಲೂ ಹಿಡಿಯುವುದಿಲ್ಲ, ಸಾರು ಬಿದ್ದರೂ ಸಣ್ಣ ಹೂವಿನ ನಡುವೆ ಕಾಣುವುದಿಲ್ಲ, ಒಗೆದರೆ ಒಂದು ಗಂಟೆಯಲ್ಲಿ ಒಣಗುತ್ತದೆ. ಹಾಗಾದರೆ ಆ ಭಾರದ ಸೋಫಾ, ಡ್ರೈಕ್ಲೀನಿಗೆ ಕೊಡುವ ಪರದೆ ನಿಮಗಲ್ಲ. ಒಂದು ದಿವಾನ, ಅದಕ್ಕೆ ಬಿಚ್ಚಿ ಒಗೆಯುವ ಸಣ್ಣ ಹೂವಿನ ಹತ್ತಿ ಹೊದಿಕೆ ಎರಡು ಜೊತೆ, ನಡೆದಾಡುವುದಕ್ಕೆ ಜಾಗ. ಅಂದಹಾಗೆ, ನೈಟಿಗೆ ಕಿಸೆ ಇಡಿಸಿಕೊಂಡಿದ್ದೀರಾ? ಇಡಿಸಿಕೊಂಡಿದ್ದರೆ ಅದರಲ್ಲಿ ದಿನಾ ಏನೇನು ಇರುತ್ತದೆ ಅಂತ ಬರೆದು ಕಳಿಸಿ. ಮೊಬೈಲು, ಬೀಗದ ಕೈ, ಚಿಲ್ಲರೆ, ಸೇಫ್ಟಿ ಪಿನ್ನು, ಏನಿದ್ದರೂ ಸರಿ. ಅಡುಗೆ ಮನೆ ಬಾಗಿಲ ಪಕ್ಕದ ಗೂಡು ಎಷ್ಟು ದೊಡ್ಡದಿರಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.