ಕುರ್ಚಿ ಮೇಲೆ ಕೂತು ಮಾಡಿದರೆ ಯೋಗ ಅಲ್ವಾ?

ಮಂಡ್ಯದ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೆ ನೆಲದ ಮೇಲೆ ಕೂರುವುದನ್ನು ಬಿಟ್ಟೆ. ಪಾರ್ಕಿನ ಯೋಗ ಕ್ಲಾಸಿನಲ್ಲಿ ಎಲ್ಲರೂ ಸೂರ್ಯ ನಮಸ್ಕಾರ ಮಾಡುವಾಗ ನಾನು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೈ ಎತ್ತಿ ಇಳಿಸುತ್ತೇನೆ. ಇದೂ ಯೋಗವೇ? ಇಲ್ಲ, ಸುಮ್ನೆ ಸಮಾಧಾನಕ್ಕೆ ಮಾಡುತ್ತಿದ್ದೇನಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ಖಂಡಿತ ಯೋಗವೇ. ಆದರೆ ಕೈ ಎತ್ತುವಾಗ ನಿಮ್ಮ ಗಮನ ಎಲ್ಲಿರುತ್ತದೆ? ನಿಮ್ಮ ಪತ್ರ ಓದಿದರೆ ಅದು ಜಾಸ್ತಿ ಪಕ್ಕದವರ ಮೇಲೇ ಇದ್ದಂತೆ ಕಾಣುತ್ತದೆ.

ಪತಂಜಲಿಯ ಯೋಗಸೂತ್ರ ಗ್ರಂಥದ 195 ಸೂತ್ರಗಳಲ್ಲಿ ಆಸನದ ಬಗ್ಗೆ ನೇರವಾಗಿ ಹೇಳುವುದು ಮೂರೇ ಮೂರು. ಅಲುಗದೆ, ಹಿತವಾಗಿ ಕೂತುಕೊಳ್ಳಿ, ಬಿಗಿ ಸಡಿಲಿಸಿ ಅನ್ನುತ್ತಾರೆ; ಅಷ್ಟು ಹೇಳಿ ಉಸಿರಿನ ಕಡೆಗೆ ಹೋಗುತ್ತಾರೆ. ಅದಕ್ಕೂ ಮೊದಲು ಯಮದ, ಅಂದರೆ ಯೋಗಿ ಪಾಲಿಸಬೇಕಾದ ನಡತೆಯ ನಿಯಮಗಳ ಪಟ್ಟಿಯಲ್ಲಿ ಅಹಿಂಸೆಯನ್ನು ಮೊದಲನೆಯದಾಗಿ ಇಟ್ಟಿದ್ದಾರೆ. ಸವೆದ ಮಂಡಿಯನ್ನು ಹಟಕ್ಕೆ ಮಡಿಸದೆ ಇರುವುದೂ ಅಹಿಂಸೆಯೇ ಅಲ್ವಾ?

ಹಾಗಾದರೆ ಈ ಹಾರುವ, ಬಾಗುವ ಯೋಗ ಎಲ್ಲಿಂದ ಬಂತು? ನಿಮ್ಮ ಪಕ್ಕದ ಮೈಸೂರಿಗೂ ಅದರಲ್ಲಿ ದೊಡ್ಡ ಪಾಲಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಚುರುಕಾದ ಹುಡುಗರು. ಅವರಿಗೆ ಒಪ್ಪುವ ಅಭ್ಯಾಸ ಅರವತ್ತು ದಾಟಿದವರಿಗೂ ಹಾಗ್ಹಾಗೇ ಒಪ್ಪಬೇಕೆಂದೇನಿಲ್ಲ. ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಕಲಿಸಿದ ಅಷ್ಟಾಂಗ ಪದ್ಧತಿ ಎಷ್ಟು ಕಠಿಣವೋ ಎಲ್ಲರಿಗೂ ಗೊತ್ತು. ಅದರಲ್ಲೂ ಪ್ರತಿ ಚಲನೆಗೆ ಒಂದು ಉಸಿರು, ಪ್ರತಿ ಆಸನದಲ್ಲಿ ದೃಷ್ಟಿ ನಿಲ್ಲಿಸಲು ಒಂದು ಜಾಗ ಗೊತ್ತು ಮಾಡಿದ್ದಾರೆ. ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರಂತೂ ಮೈ ಬಾಗದವರಿಗಾಗಿಯೇ ಕುರ್ಚಿ, ಬೆಲ್ಟು, ಮರದ ಇಟ್ಟಿಗೆಗಳನ್ನು ಬಳಕೆಗೆ ತಂದರು. ಕುರ್ಚಿಗೆ ನಾಚಿಕೊಳ್ಳಬೇಡಿ.

ನಾಳೆ ಹೀಗೆ ಮಾಡಿ ನೋಡಿ. ಕುರ್ಚಿಗೆ ಒರಗದೆ ಸ್ವಲ್ಪ ಮುಂದೆ ಕೂತುಕೊಳ್ಳಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿರಲಿ. ಮೊದಲು ಉಸಿರು ಶುರುವಾಗಲಿ, ಅದರ ಹಿಂದೆ ಕೈ ಏಳಲಿ. ಉಸಿರು ತುಂಬುವ ಹೊತ್ತಿಗೆ ಅಂಗೈಗಳು ಕೂಡಲಿ. ಬಿಡುವಾಗಲೂ ಅಷ್ಟೆ, ಉಸಿರು ಮುಗಿಯುವವರೆಗೆ ಕೈ ಇಳಿಯುತ್ತಲೇ ಇರಲಿ. ಮೂರನೇ ಸಲಕ್ಕೇ ಮನಸ್ಸು ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಅನ್ನುವ ಕಡೆಗೆ ಹೊರಟಿರುತ್ತದೆ. ಹೋಗಿದೆ ಎಂದು ಗೊತ್ತಾದ ತಕ್ಷಣ, ಬೈಯದೆ, ಮತ್ತೆ ಉಸಿರಿಗೆ ತನ್ನಿ. ಹೀಗೆ ತರುವುದೇ ಅಭ್ಯಾಸ. ಇಪ್ಪತ್ತು ಸಲ ಹೋದರೆ ಇಪ್ಪತ್ತು ಸಲ ತನ್ನಿ.

ಮುಂದೆ ನಿಂತವರು "ಒಂದು, ಎರಡು" ಎಂದು ಅವಸರದಲ್ಲಿ ಎಣಿಸುತ್ತಿದ್ದರೆ ಆ ಲೆಕ್ಕ ಹಿಡಿಯಬೇಡಿ. ಅದು ಡ್ರಿಲ್ ಮೇಷ್ಟ್ರ ಲೆಕ್ಕ, ನಿಮ್ಮ ಉಸಿರಿನದ್ದಲ್ಲ. ಕ್ಲಾಸು ನಡೆಸುವವರ ಹತ್ತಿರ ಮಾತಾಡಿ ಕುರ್ಚಿಯನ್ನು ಮೂಲೆಯಿಂದ ಸಾಲಿನೊಳಗೇ ಹಾಕಿಸಿಕೊಳ್ಳಿ. ವಯಸ್ಸಾದವರನ್ನು ಬದಿಗೆ ಕೂರಿಸುವ ಯೋಗ ಕ್ಲಾಸು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಉಸಿರು ಕಟ್ಟಿ ಹಿಡಿಯಬೇಡಿ. ಮಂಡಿಗೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಶವಾಸನವನ್ನಂತೂ ಬಿಡಬೇಡಿ. ನೆಲದಿಂದ ಏಳುವುದು ಕಷ್ಟವಾದರೆ ಮನೆಗೆ ಹೋಗಿ ಮಂಚದ ಮೇಲೆ ಮಾಡಿ, ಮಂಡಿಯ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಿ.