ಘಾಟಿಯಲ್ಲಿ ಕಾರು ಬಿಸಿಯಾದ ಮೇಲೆ ಕೂಲೆಂಟ್ ಕಡಿಮೆಯಾಗುತ್ತಿದೆ, ಸೋರಿಕೆ ಕಾಣುತ್ತಿಲ್ಲ. ಹೇಗೆ ಹುಡುಕುವುದು?

ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಬಿಸಿಯಾಯಿತು, ಆದರೆ ಕೆಳಗೆ ಒಂದು ಹನಿಯೂ ಬಿದ್ದಿಲ್ಲ ಅಂದಿದ್ದೀರಿ. ಮೊದಲು ಒಂದು ಮಾತು: ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಕುದಿಯುವ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗಲಿ.

ಹನಿ ಕಾಣಲಿಲ್ಲ ಅಂದ್ರೆ ಸೋರಿಕೆ ಇಲ್ಲ ಅಂತಲ್ಲ. ಸಣ್ಣ ಸೋರಿಕೆಯಾದರೆ ಕೂಲೆಂಟ್ ಬಿಸಿ ಲೋಹದ ಮೇಲೇ ಆರಿಹೋಗಿ, ಬಿಳಿ ಅಥವಾ ಹಸಿರು ಪುಡಿಯಂಥ ಕಲೆ ಉಳಿಯುತ್ತದೆ. ಟಾರ್ಚ್ ಹಿಡಿದು ಆ ಕಲೆಯನ್ನೇ ಹುಡುಕಿ. ರಬ್ಬರ್ ಕೊಳವೆಗಳನ್ನು ಬಿಗಿಯುವ ಹೋಸ್ ಕ್ಲಾಂಪ್‌ಗಳ ಸುತ್ತ ನೋಡಿ. ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು ನೋಡಿ. ವಾಟರ್ ಪಂಪ್‌ನಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಅಲ್ಲಿಂದ ಜಿನುಗಲಿ, ನಮಗೆ ಗೊತ್ತಾಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಕಾರಿನೊಳಗೆ ಸಿಹಿ ವಾಸನೆ, ಕಾಲಡಿಯ ಮ್ಯಾಟ್ ಒದ್ದೆ ಇದ್ದರೆ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ನೋಡಿಸಿ.

ಆಗಲೂ ಸಿಗಲಿಲ್ವಾ? ಸುಮ್ನೆ ನೀರು ಸುರಿಯುತ್ತಾ ಓಡಿಸಬೇಡಿ, ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚಳದ ಮೇಲೆ ಬರೆದಷ್ಟು ಒತ್ತಡವನ್ನು, ಸಾಮಾನ್ಯವಾಗಿ 1 ಬಾರ್ ಆಸುಪಾಸು, ಕೈಪಂಪ್‌ನಿಂದ ಕೊಟ್ಟು 10-15 ನಿಮಿಷ ಕಾಯುತ್ತಾರೆ. ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿದರೆ ಸೋರಿಕೆ ಇದೆ. ಮುಚ್ಚಳವನ್ನೂ ಪರೀಕ್ಷಿಸಲು ಹೇಳಿ, ಅದರ ಸ್ಪ್ರಿಂಗ್ ಸೋತರೂ ಕೂಲೆಂಟ್ ಹೊರಹೋಗುತ್ತದೆ.

ಮುಳ್ಳು ಇಳಿಯುತ್ತಿದೆ, ಹೊರಗೆಲ್ಲೂ ಒದ್ದೆಯಿಲ್ಲ ಅಂದರೆ ನನಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೇಲೇ ಅನುಮಾನ. ಎಂಜಿನ್ ಒಮ್ಮೆ ವಿಪರೀತ ಬಿಸಿಯಾದರೆ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗಿ, ಕೂಲೆಂಟ್ ಎಂಜಿನ್ ಒಳಗೇ ಸೋರಬಹುದು. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದೆಯಾ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದೆಯಾ ನೋಡಿ. ಹಾಗಿದ್ದರೆ ಗ್ಯಾರೇಜಿಗೆ ಟೋ ಮಾಡಿಸಿಯೇ ಒಯ್ಯಿರಿ.