ಆಪರೇಟರ್ ಉತ್ತರ: ಬೋರ್ನ್ ನೋಡಿದವರ ಪತ್ರಗಳು

ಹೋದ ಸಂಚಿಕೆಯಲ್ಲಿ ‘ದ ಬೋರ್ನ್ ಐಡೆಂಟಿಟಿ’ ಬಗ್ಗೆ ಬರೆದು, ನೋಡಿದವರು ನಿಮ್ಮ ಅಭಿಪ್ರಾಯ ಕಳಿಸಿ ಅಂದಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಿಂದ ಪತ್ರ ಬಂದಿವೆ. ಹೊಗಳಿದವರೂ ಇದ್ದಾರೆ, ಬೈದವರೂ ಇದ್ದಾರೆ. ನೋಡದವರಿಗಾಗಿ ಕತೆ ಇಷ್ಟು. ಮಾರ್ಸೇಲ್ ಕಡೆಯ ಸಮುದ್ರದಲ್ಲಿ ಮೀನುಗಾರರಿಗೆ ಒಬ್ಬ ಸಿಗುತ್ತಾನೆ. ಬೆನ್ನಿನಲ್ಲಿ ಗುಂಡು ಹೊಕ್ಕಿದೆ. ಸೊಂಟದ ಚರ್ಮದೊಳಗೆ ಒಂದು ಪುಟ್ಟ ಸಾಧನ, ಅದರಲ್ಲಿ ಸ್ವಿಸ್ ಬ್ಯಾಂಕಿನ ಖಾತೆ ನಂಬರ್. ತಾನು ಯಾರು ಅನ್ನುವುದೇ ಅವನಿಗೆ ಗೊತ್ತಿಲ್ಲ. ಜ್ಯೂರಿಕ್‌ನ ಬ್ಯಾಂಕಿಗೆ ಹೋಗಿ ಲಾಕರ್ ತೆಗೆದರೆ ಕಂತೆ ಕಂತೆ ಹಣ, ಒಂದು ಪಿಸ್ತೂಲು, ಬೇರೆ ಬೇರೆ ಹೆಸರಿನ ಪಾಸ್‌ಪೋರ್ಟುಗಳು. ಎಲ್ಲದರಲ್ಲೂ ಅವನದೇ ಫೋಟೋ. ಆಮೇಲೆ ಅವನನ್ನು ಕೊಲೆಗಾರನಾಗಿ ಇಟ್ಟುಕೊಂಡಿದ್ದ ಅಮೆರಿಕದ ಗುಪ್ತಚರ ಇಲಾಖೆ ಸಿಐಎಯವರೇ ಅವನನ್ನು ಕೊಲ್ಲಲು ಬೆನ್ನು ಹತ್ತುತ್ತಾರೆ. 2002ರ ಸಿನಿಮಾ, ನಾಯಕ ಜೇಸನ್ ಬೋರ್ನ್ ಪಾತ್ರದಲ್ಲಿ ಮ್ಯಾಟ್ ಡೇಮನ್.

ಸಕಲೇಶಪುರದಿಂದ, ಎಸ್ಟೇಟಿನಲ್ಲಿ ರೈಟರ್ ಆಗಿರುವ ಓದುಗರು: ಸಾರ್, ಹೆಸರೇ ಮರೆತವನಿಗೆ ಹೊಡೆದಾಟ ಹೇಗೆ ನೆನಪಿರುತ್ತದೆ? ನಾಲ್ಕಾರು ಭಾಷೆ ಬೇರೆ ಮಾತಾಡುತ್ತಾನೆ. ನಮ್ಮನ್ನು ಸುಮ್ನೆ ನಂಬಿಸುತ್ತಿದ್ದಾರೆ ಅಲ್ವಾ?

ಇಲ್ಲ ಸ್ವಾಮಿ, ಸಿನಿಮಾದಲ್ಲಿ ಹೆಚ್ಚು ನಿಜ ಇರುವುದೇ ಅಲ್ಲಿ. ನೆನಪು ಅನ್ನುವುದು ತಲೆಯೊಳಗೆ ಒಂದೇ ಕಡೆ ಕೂತಿಲ್ಲ. ನಿನ್ನೆ ಏನಾಯಿತು ಅನ್ನುವ ನೆನಪಿನ ದಾರಿ ಬೇರೆ, ಕೈ ಕಲಿತ ಕೆಲಸದ ದಾರಿ ಬೇರೆ.

ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಮೂರ್ಛೆ ರೋಗ ಇತ್ತು. 1953ರಲ್ಲಿ ಅವರ ಮೆದುಳಿನ ಸ್ವಲ್ಪ ಭಾಗವನ್ನು ಆಪರೇಷನ್ ಮಾಡಿ ತೆಗೆದರು. ಅಲ್ಲಿಂದ ಮುಂದೆ ಹೊಸ ವಿಷಯ ಯಾವುದೂ ಅವರ ತಲೆಯಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಅವರಿಗೆ ಒಂದು ಪರೀಕ್ಷೆ ಕೊಟ್ಟರು. ಕಾಗದದ ಮೇಲೆ ನಕ್ಷತ್ರದ ಗುರುತು, ಕಣ್ಣು ಮಾತ್ರ ಕನ್ನಡಿಯಲ್ಲಿ, ಕೈಯಲ್ಲಿ ಪೆನ್ಸಿಲ್. ಆ ಗೆರೆಯನ್ನೇ ತಿದ್ದಬೇಕು. ಒಮ್ಮೆ ಮಾಡಿ ನೋಡಿ, ಕೈ ಎತ್ತೆತ್ತಲೋ ಓಡುತ್ತದೆ. ದಿನದಿಂದ ದಿನಕ್ಕೆ ಮೊಲೈಸನ್ ಕೈ ಪಳಗಿತು. ಆದರೆ ಪ್ರತಿ ಸಲವೂ ಅವರಿಗೆ ಇದು ಹೊಸ ಪರೀಕ್ಷೆಯೇ. ಹಿಂದೆ ಮಾಡಿದ್ದು ಒಂದಿಷ್ಟೂ ನೆನಪಿಲ್ಲ.

ನಾನು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಕ್ಯಾಬಿನ್ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ಈಗಲೂ ಯಾರಾದರೂ ಹಳೇ ಪ್ರೊಜೆಕ್ಟರ್ ಮುಂದೆ ನಿಲ್ಲಿಸಿದರೆ, ಸ್ಪ್ರಾಕೆಟ್ ಎಂಬ ಹಲ್ಲಿನ ಚಕ್ರದ ಮೇಲೆ ಫಿಲ್ಮ್ ಕೂರಿಸಿ, ಬೆಳಕು ಹಾಯುವ ಗೇಟಿನ ಮೇಲೊಂದು ಕೆಳಗೊಂದು ಲೂಪ್ ಬಿಟ್ಟು ಬಾಗಿಲು ಹಾಕುವ ಕೆಲಸವನ್ನು ಕೈ ತಾನೇ ಮಾಡುತ್ತದೆ. ಬಾಯಲ್ಲಿ ವಿವರಿಸು ಅಂದರೆ ತಡವರಿಸುತ್ತೇನೆ. ಜ್ಯೂರಿಕ್‌ನ ಪಾರ್ಕಿನ ಬೆಂಚಿನ ಮೇಲೆ ಬೋರ್ನ್ ಮಲಗಿದ್ದಾಗ ಪೊಲೀಸರು ಬಂದು ಎಬ್ಬಿಸುತ್ತಾರಲ್ಲ, ಆ ದೃಶ್ಯ ಇನ್ನೊಮ್ಮೆ ನೋಡಿ. ಇಬ್ಬರನ್ನೂ ಕೆಡವಿದ ಮೇಲೆ ಕೈಯಲ್ಲಿರುವ ಪಿಸ್ತೂಲನ್ನು ನೋಡುತ್ತಾನೆ. ಆ ಮುಖದಲ್ಲಿ ಗೆದ್ದ ಖುಷಿ ಇಲ್ಲ, ಹೆದರಿಕೆ ಇದೆ. ನನ್ನ ಕೈ ಇದನ್ನೆಲ್ಲ ಎಲ್ಲಿ ಕಲಿಯಿತು ಅನ್ನುವ ಹೆದರಿಕೆ. ನನಗೆ ಈ ಸಿನಿಮಾ ಪ್ರಿಯವಾಗಲು ಆ ಮುಖವೇ ಕಾರಣ.

ಸಿನಿಮಾದವರು ಜಾಸ್ತಿ ಎಳೆದಿರುವುದು ಬೇರೆ ಕಡೆ. ತಲೆಗೆ ಪೆಟ್ಟು ಬಿದ್ದವರು ಸಾಮಾನ್ಯವಾಗಿ ಮರೆಯುವುದು ಪೆಟ್ಟು ಬಿದ್ದ ಹೊತ್ತಿನ ಆಚೀಚೆಯದನ್ನು. ತಮ್ಮ ಹೆಸರು, ಊರು, ಬದುಕು ಎಲ್ಲ ಅಳಿಸಿಹೋಗುವುದು ಬಹಳ ಅಪರೂಪ. ಹಾಗೆ ಆದಾಗ ಹೆಚ್ಚಾಗಿ ಅದರ ಹಿಂದೆ ಮನಸ್ಸಿಗೆ ಬಿದ್ದ ಏಟು ಇರುತ್ತದೆ. 1887ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಬ್ಬ ಪಾದ್ರಿ ಬ್ಯಾಂಕಿನಿಂದ ಹಣ ತೆಗೆದುಕೊಂಡು ಕಾಣೆಯಾದರು. ಪೆನ್ಸಿಲ್ವೇನಿಯಾದ ಒಂದು ಊರಿನಲ್ಲಿ ಬ್ರೌನ್ ಎಂಬ ಹೆಸರಿನಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡಿದ್ದರು. ಸುಮಾರು ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಎದ್ದು, ನಾನೆಲ್ಲಿದ್ದೇನೆ ಎಂದು ಗಾಬರಿಯಾದರು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಆ ಪಾದ್ರಿಯ ಹೆಸರು ಆನ್ಸೆಲ್ ಬೋರ್ನ್. ನಮ್ಮ ನಾಯಕನಿಗೆ ಆ ಹೆಸರು ಬಂದದ್ದು ಅವರಿಂದಲೇ ಎಂದು ಹಲವರು ಹೇಳುತ್ತಾರೆ.

ಮೂಡಿಗೆರೆಯಿಂದ ಒಬ್ಬ ಡ್ರೈವರ್: ಅಣ್ಣಾ, ನಾನು ಚಾರ್ಮಾಡಿ ಘಾಟಿಯಲ್ಲಿ ಜೀಪು ಓಡಿಸುವವನು. ಪ್ಯಾರಿಸ್ಸಿನಲ್ಲಿ ಆ ಕೆಂಪು ಕಾರು ಮೆಟ್ಟಿಲು ಇಳಿಯುವುದು ಆಗುವ ಮಾತಾ?

ಅದು ಹಳೇ ಮಿನಿ ಕಾರು ತಮ್ಮಾ. 1959ರಲ್ಲಿ ಬ್ರಿಟನ್ನಿನಲ್ಲಿ ಬಂದ ಮಾದರಿ. ಎಂಜಿನ್ ಅಡ್ಡಡ್ಡ ಕೂರಿಸಿ, ಮುಂದಿನ ಚಕ್ರಕ್ಕೆ ಎಳೆತ ಕೊಟ್ಟು, ನಾಲ್ಕು ಚಕ್ರವನ್ನೂ ನಾಲ್ಕು ಮೂಲೆಗೆ ತಳ್ಳಿದ್ದಾರೆ. ಹಾಗಾಗಿ ತಿರುವಿನಲ್ಲಿ ನೆಲ ಬಿಡುವುದಿಲ್ಲ. ಸಂದಿಯಲ್ಲಿ ನುಗ್ಗುತ್ತದೆ, ಮೆಟ್ಟಿಲೂ ಇಳಿಯುತ್ತದೆ. ಇಳಿದ ಮೇಲೆ ಕಾರಿನ ಗತಿ ಏನು ಅನ್ನುವುದು ನಿಮ್ಮಂಥವರಿಗೆ ನಾನು ಹೇಳಬೇಕಾಗಿಲ್ಲ.

ಆ ಓಟದ ಮೊದಲಿನ ಅರ್ಧ ನಿಮಿಷ ಗಮನಿಸಿ. ಅವನು ಮ್ಯಾಪ್ ನೋಡುತ್ತಾನೆ. ಕಾರನ್ನು ಚೆನ್ನಾಗಿ ನೋಡಿಕೊಂಡಿದ್ದೀಯಾ, ಟೈರ್ ಹೇಗಿದೆ ಎಂದು ವಿಚಾರಿಸುತ್ತಾನೆ. ಸ್ವಲ್ಪ ಬಲಕ್ಕೆ ಎಳೆಯುತ್ತದೆ ಅನ್ನುತ್ತಾಳೆ ಅವನ ಜೊತೆಗಿರುವ, ಆ ಕಾರಿನ ಒಡತಿ ಮರೀ. ಬೇಕಾದರೆ ಈಗಲೇ ಇಳಿದು ಹೋಗು ಅನ್ನುವ ಅವಕಾಶವನ್ನೂ ಕೊಡುತ್ತಾನೆ. ಅವಳು ಮಾತಾಡದೆ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾಳೆ. ಘಾಟಿ ಇಳಿಯುವ ಮೊದಲು ಬ್ರೇಕು, ಟೈರು ನೋಡುವವರಿಗೆ ಆ ದೃಶ್ಯದ ಬೆಲೆ ಗೊತ್ತು.

ಅರಸೀಕೆರೆಯಿಂದ ಡಿಗ್ರಿ ವಿದ್ಯಾರ್ಥಿ: ಸರ್, ಮೊದಲನೆಯದು ಚೆನ್ನಾಗಿದೆ. ಎರಡು, ಮೂರನೆಯದರಲ್ಲಿ ಕ್ಯಾಮೆರಾ ಅಲ್ಲಾಡಿ ಅಲ್ಲಾಡಿ ತಲೆನೋವು ಬಂತು. ಯಾರು ಯಾರಿಗೆ ಹೊಡೆದರು ಅಂತಾನೇ ಗೊತ್ತಾಗಲಿಲ್ಲ. ಇದಕ್ಕೆ ಆಸ್ಕರ್ ಯಾಕೆ?

ಮೊದಲ ಸಿನಿಮಾದ ನಿರ್ದೇಶಕ ಡಗ್ ಲೈಮನ್. 2004ರ ‘ಸುಪ್ರಿಮಸಿ’ ಮತ್ತು 2007ರ ‘ಅಲ್ಟಿಮೇಟಮ್’ ಮಾಡಿದವರು ಪಾಲ್ ಗ್ರೀನ್‌ಗ್ರಾಸ್. ಅವರು ಟಿವಿಯ ಸಾಕ್ಷ್ಯಚಿತ್ರಗಳಿಂದ ಬಂದವರು. ಘಟನೆ ನಡೆಯುವ ಜಾಗದಲ್ಲಿ ಸಿಕ್ಕಿಬಿದ್ದ ವರದಿಗಾರನ ಕಣ್ಣು ಅವರದು. ‘ಅಲ್ಟಿಮೇಟಮ್’ನಲ್ಲಿ ಒಂದು ಶಾಟ್ ಸರಾಸರಿ ಸುಮಾರು ಎರಡೇ ಸೆಕೆಂಡ್. ಸೆಕೆಂಡಿಗೆ 24 ಫ್ರೇಮ್, ಒಂದು ಅಡಿ ಫಿಲ್ಮಿಗೆ 16 ಫ್ರೇಮ್. ಅಂದರೆ ಮೂರು ಅಡಿ ಫಿಲ್ಮಿಗೆ ಒಂದು ಕತ್ತರಿ! ನಾನು ಓಡಿಸಿದ ಹಳೇ ಸಿನಿಮಾಗಳಲ್ಲಿ ಒಂದು ಹಾಡಿನ ಒಂದು ಶಾಟೇ ಅದರ ಹತ್ತು ಪಟ್ಟು ಇರುತ್ತಿತ್ತು.

ನನ್ನ ಅಭಿಪ್ರಾಯ ಹೇಳುತ್ತೇನೆ. ಲಂಡನ್ನಿನ ವಾಟರ್‌ಲೂ ಸ್ಟೇಷನ್ ದೃಶ್ಯದಲ್ಲಿ ಈ ಅಲ್ಲಾಟ ಸರಿಯಾಗಿ ಕೆಲಸ ಮಾಡಿದೆ. ಅಲ್ಲಿ ಪತ್ರಕರ್ತನ ಜೇಬಿನಲ್ಲಿ ಫೋನ್ ಇಟ್ಟು, ಜನಸಂದಣಿಯ ನಡುವೆ ಅವನನ್ನು ಬೋರ್ನ್ ಮಾತಿನಲ್ಲೇ ನಡೆಸುತ್ತಾನೆ. ಎಲ್ಲಿ ಕ್ಯಾಮೆರಾ ಇದೆ, ಎಲ್ಲಿ ಬಂದೂಕು ಇದೆ ನಮಗೂ ಗೊತ್ತಿಲ್ಲ, ಪತ್ರಕರ್ತನಿಗೂ ಗೊತ್ತಿಲ್ಲ. ಆ ಭಯಕ್ಕೆ ಆ ಅಲ್ಲಾಟ ಬೇಕು. ಮೊರಾಕೊ ದೇಶದ ಟ್ಯಾಂಜಿಯರ್‌ನ ಮನೆಯೊಳಗಿನ ಹೊಡೆದಾಟದಲ್ಲಿ ಸಂಗೀತ ನಿಲ್ಲಿಸಿದ್ದಾರೆ. ಏದುಸಿರು, ಒಡೆಯುವ ಸಾಮಾನು, ಅಷ್ಟೇ. ಈ ಎರಡೂ ದೃಶ್ಯ ಇರುವ ‘ಅಲ್ಟಿಮೇಟಮ್’ಗೆ ಸಂಕಲನಕ್ಕೆ, ಶಬ್ದದ ಎರಡು ವಿಭಾಗಕ್ಕೆ, ಒಟ್ಟು ಮೂರು ಆಸ್ಕರ್ ಬಂತು. ನಾನಾದರೂ ಕೊಡುತ್ತಿದ್ದೆ. ಆದರೆ ‘ಸುಪ್ರಿಮಸಿ’ಯ ಮ್ಯೂನಿಕ್ ಹೊಡೆದಾಟದಲ್ಲಿ ನಿಮ್ಮ ದೂರು ನನ್ನದೂ ಹೌದು. ಪತ್ರಿಕೆಯೊಂದನ್ನು ಸುರುಳಿ ಸುತ್ತಿ ಆಯುಧ ಮಾಡಿಕೊಳ್ಳುತ್ತಾನೆ, ಎಂಥ ಒಳ್ಳೆಯ ಯೋಚನೆ! ಅದನ್ನು ಕಣ್ಣು ತುಂಬ ನೋಡಲು ಬಿಡಲಿಲ್ಲ. ಮೊದಲ ಸಿನಿಮಾದಲ್ಲಿ ಪ್ಯಾರಿಸ್ ಮನೆಯ ಪೆನ್ನಿನ ಹೊಡೆದಾಟ ಹಾಗಲ್ಲ. ಯಾರ ಕೈಯಲ್ಲಿ ಚಾಕು, ಯಾರ ಕೈಯಲ್ಲಿ ಪೆನ್ನು, ಎಲ್ಲ ಸ್ಪಷ್ಟ. ಮುಂದೆ ಕಂಡಕಂಡವರೆಲ್ಲ ಗ್ರೀನ್‌ಗ್ರಾಸ್ ಅಲ್ಲಾಟವನ್ನು ಮಾತ್ರ ನಕಲು ಮಾಡಿದರು, ಅದರ ಹಿಂದಿನ ಕಾರಣವನ್ನು ಬಿಟ್ಟರು. ಅದು ನನಗೆ ನೋವಿನ ವಿಷಯ. ಒಂದು ಸಲಹೆ: ಟಿವಿಯಿಂದ ಸ್ವಲ್ಪ ದೂರ ಕೂತು ನೋಡಿ. ತಲೆನೋವು ಕಡಿಮೆಯಾಗುತ್ತದೆ.

ಹಾಸನದಿಂದ ಒಬ್ಬರು: ಹಾಡಿಲ್ಲ, ಸೂಟುಬೂಟಿಲ್ಲ, ನಾಯಕ ನಗುವುದೇ ಇಲ್ಲ. ಜೇಮ್ಸ್ ಬಾಂಡ್ ಮುಂದೆ ಇವನೇನು?

ಬಾಂಡ್ ನನಗೂ ಇಷ್ಟವೇ. ಆದರೆ ಅದೇ 2002ರಲ್ಲಿ ಬಂದ ಬಾಂಡ್ ಸಿನಿಮಾದಲ್ಲಿ ಕಣ್ಣಿಗೆ ಕಾಣದ ಕಾರು ಇತ್ತು. ಬೋರ್ನ್ ಹತ್ತಿರ ಇರುವುದು ಗೋಡೆಯಿಂದ ಕಿತ್ತುಕೊಂಡ ಕಟ್ಟಡದ ನಕ್ಷೆ. ಮುಂದೆ ಬಾಂಡ್ ಕೂಡ ಈ ದಾರಿಗೇ ಬಂದ. ಬೋರ್ನ್ ಎರಡು, ಮೂರನೆಯ ಭಾಗಗಳ ಸಾಹಸ ದೃಶ್ಯಗಳಲ್ಲಿ ಕೆಲಸ ಮಾಡಿದ ಡ್ಯಾನ್ ಬ್ರಾಡ್ಲಿ ಅವರನ್ನೇ 2008ರ ಬಾಂಡ್ ಸಿನಿಮಾಕ್ಕೆ ಕರೆಸಿಕೊಂಡರು.

ನಗು ಇಲ್ಲ ಅಂದಿರಿ. ಹೋಟೆಲ್ ದೃಶ್ಯ ತಪ್ಪಿಸಿಕೊಂಡಿರಾ? ಅಲ್ಲಿನ ಹಳೇ ಬಿಲ್ ಬೇಕು. ಬೋರ್ನ್ ಎಷ್ಟು ಹೆಜ್ಜೆ, ಎಷ್ಟು ಜನ, ಬಾಗಿಲು ಎಲ್ಲಿ ಎಂದು ದೊಡ್ಡ ಯೋಜನೆ ಹಾಕಿ ಮರೀಯನ್ನು ಒಳಗೆ ಕಳಿಸುತ್ತಾನೆ. ಅವಳು ಕೌಂಟರಿನಲ್ಲಿ ಬಾಯಿ ಬಿಟ್ಟು ಕೇಳಿ ಬಿಲ್ ತಂದುಬಿಡುತ್ತಾಳೆ. ಅವನು ಕಕ್ಕಾಬಿಕ್ಕಿ. ನಾನು ಎಷ್ಟು ಸಲ ನೋಡಿದರೂ ನಗುತ್ತೇನೆ.

ಚಿಕ್ಕಮಗಳೂರಿನಿಂದ ಒಬ್ಬ ಶಿಕ್ಷಕಿ: ಮೊದಲ ಭಾಗದ ಕೊನೆಯಲ್ಲಿ ಗ್ರೀಸ್ ದೇಶದಲ್ಲಿ ಮರೀ ಅವನಿಗೆ ಮತ್ತೆ ಸಿಕ್ಕಾಗ ಅತ್ತುಬಿಟ್ಟೆ. ಎರಡನೆಯದು ಶುರುವಾದ ಸ್ವಲ್ಪ ಹೊತ್ತಿಗೇ ಅವಳನ್ನು ಕೊಂದುಬಿಟ್ಟರು. ಅದೂ ನಮ್ಮ ಗೋವಾದಲ್ಲಿ. ಅಷ್ಟು ಒಳ್ಳೆಯ ಪಾತ್ರವನ್ನು ಯಾಕೆ ಹೀಗೆ ಮಾಡಿದರು?

ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಫ್ರಾಂಕಾ ಪೊಟೆಂಟೆ ಆ ಪಾತ್ರಕ್ಕೆ ಜೀವ ಕೊಟ್ಟಿದ್ದರು. ಅವನನ್ನು ಮನುಷ್ಯನಾಗಿ ಕಂಡ ಮೊದಲ ಜೀವ ಅವಳು. ಜೀಪಿನಲ್ಲಿ ಅವನೇ ಸ್ಟೀರಿಂಗ್ ಅವಳಿಗೆ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಅವನಿಗೆ ಇಟ್ಟ ಗುರಿ ಅವಳಿಗೆ ತಾಗುತ್ತದೆ. ಸೇತುವೆಯಿಂದ ಜೀಪು ನೀರಿಗೆ ಬೀಳುತ್ತದೆ. ನನಗೂ ಆ ದೃಶ್ಯ ನೋಡಲು ಕಷ್ಟ.

ಹೆಂಡತಿಯನ್ನೋ ಪ್ರೇಯಸಿಯನ್ನೋ ಕೊಂದು ನಾಯಕನಿಗೆ ಸೇಡಿನ ಕಾರಣ ಕೊಡುವುದು ಹಳೇ ಚಾಳಿ. ನಮ್ಮ ಸಿನಿಮಾಗಳಲ್ಲೂ ಉಂಟು, ನನಗೆ ಅದು ಹಿಡಿಸುವುದಿಲ್ಲ. ಆದರೆ ಇಲ್ಲಿ ಕತೆ ಬೇರೆ ಕಡೆ ತಿರುಗುತ್ತದೆ. ಇದಕ್ಕೆಲ್ಲ ಕಾರಣನಾದ ಅಧಿಕಾರಿ ಅವನ ಪಿಸ್ತೂಲಿನ ಮುಂದೆ ಸಿಗುತ್ತಾನೆ. ಬೋರ್ನ್ ಕೊಲ್ಲುವುದಿಲ್ಲ. ಅವಳು ಇದನ್ನು ಒಪ್ಪುತ್ತಿರಲಿಲ್ಲ ಎಂದು ಬಿಟ್ಟುಹೋಗುತ್ತಾನೆ. ಸತ್ತ ಮೇಲೂ ಅವನ ಕೈ ತಡೆಯುವವಳು ಮರೀ.

ಆಮೇಲೆ ಮಾಸ್ಕೋಗೆ ಹೋಗುತ್ತಾನೆ. ಗುಂಡು ತಿಂದ ಮೈ, ಕುಂಟುವ ಕಾಲು. ಅಲ್ಲಿ ಒಬ್ಬ ಹುಡುಗಿಯ ಮನೆಯಲ್ಲಿ ಕೂರುತ್ತಾನೆ. ಅವಳ ಅಪ್ಪ ಅಮ್ಮನನ್ನು ವರ್ಷಗಳ ಹಿಂದೆ ಬರ್ಲಿನ್‌ನಲ್ಲಿ ಕೊಂದವನು ಇವನೇ. ಅಮ್ಮನೇ ಅಪ್ಪನನ್ನು ಕೊಂದು ತಾನೂ ಸತ್ತಳು ಎಂದು ಆ ಹುಡುಗಿ ನಂಬಿಕೊಂಡು ಬೆಳೆದಿದ್ದಾಳೆ. ಹಾಗಲ್ಲ, ಕೊಂದದ್ದು ನಾನು ಎಂದು ಹೇಳಿ, ಕ್ಷಮೆ ಕೇಳಿ ಎದ್ದು ಹೋಗುತ್ತಾನೆ. ಆ ಮಗುವಿಗೆ ಅಮ್ಮನ ಮೇಲಿನ ಪ್ರೀತಿ ವಾಪಸ್ ಸಿಕ್ಕಿತು. ಇಷ್ಟು ಹೊಡೆದಾಟದ ಸಿನಿಮಾ ಒಂದು ತಪ್ಪೊಪ್ಪಿಗೆಗೆ ಬಂದು ನಿಲ್ಲುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಮೊದಲ ಭಾಗದಲ್ಲೂ ನೋಡಿ, ದೋಣಿಯಲ್ಲಿ ಮಲಗಿದ್ದವನನ್ನು ಕೊಲ್ಲಲು ಹೋದಾಗ ಅವನ ಮೈಮೇಲೆ ಪುಟ್ಟ ಮಗು ಮಲಗಿತ್ತು. ಇವನಿಗೆ ಕೈ ಬರಲಿಲ್ಲ. ಅವನ ನೆನಪು ಹರಿದದ್ದು ಅಲ್ಲೇ ಅಂತ ನನ್ನ ನಂಬಿಕೆ, ಬೆನ್ನಿಗೆ ಬಿದ್ದ ಗುಂಡಿನಿಂದ ಅಲ್ಲ.

ಕೊಪ್ಪದಿಂದ: ಹೀಗೆ ಮನುಷ್ಯರ ತಲೆ ತೊಳೆದು ಕೊಲೆಗಾರರನ್ನು ತಯಾರಿಸುವುದು ನಿಜವಾಗಿ ನಡೆದಿದೆಯಾ?

ಸಿನಿಮಾದಲ್ಲಿ ಬೋರ್ನ್‌ನನ್ನು ಕೊಲೆಗಾರನಾಗಿ ತಯಾರಿಸುವ ಗುಟ್ಟಿನ ಕಾರ್ಯಕ್ರಮ ‘ಟ್ರೆಡ್‌ಸ್ಟೋನ್’ ಕಟ್ಟುಕತೆ. ಆದರೆ ಅಮೆರಿಕದ ಸಿಐಎ 1953ರಿಂದ ‘ಎಂಕೆ ಅಲ್ಟ್ರಾ’ ಎಂಬ ಗುಟ್ಟಿನ ಕಾರ್ಯಕ್ರಮ ನಡೆಸಿದ್ದು ನಿಜ. ಮನಸ್ಸನ್ನು ಹತೋಟಿಗೆ ತರಲು, ಒಪ್ಪಿಗೆ ಕೂಡ ಕೇಳದೆ ಜನರಿಗೆ ಭ್ರಮೆ ಹುಟ್ಟಿಸುವ ಮದ್ದು ಎಲ್‌ಎಸ್‌ಡಿ ಕೊಟ್ಟರು. 1973ರಲ್ಲಿ ಕಡತಗಳನ್ನು ನಾಶ ಮಾಡಲು ಮೇಲಿನಿಂದಲೇ ಆದೇಶವಾಯಿತು. 1975ರಲ್ಲಿ ಅಮೆರಿಕದ ಸಂಸತ್ತಿನ ಮೇಲ್ಮನೆ ಸೆನೆಟ್‌ನ ಸಮಿತಿಯ ತನಿಖೆಯಲ್ಲಿ ವಿಷಯ ಹೊರಬಂತು. ಮೊದಲ ಸಿನಿಮಾದ ನಿರ್ದೇಶಕ ಲೈಮನ್ ಅವರ ತಂದೆ ಆರ್ಥರ್ ಲೈಮನ್, 1987ರಲ್ಲಿ ಇರಾನ್‌ಗೆ ಗುಟ್ಟಾಗಿ ಆಯುಧ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣದಲ್ಲಿ ಸೆನೆಟ್ ಪರವಾಗಿ ಅಧಿಕಾರಿಗಳನ್ನು ಪ್ರಶ್ನೆ ಮಾಡಿದ ವಕೀಲರು. ಕಚೇರಿಯಲ್ಲಿ ಕೂತು ಕೊಲೆಗೆ ಸಹಿ ಹಾಕುವವರ ಚಿತ್ರ ಮಗನ ಸಿನಿಮಾದಲ್ಲಿ ಅಷ್ಟು ನಿಜವಾಗಿ ಬಂದದ್ದು ಅದಕ್ಕೇ ಇರಬೇಕು.

ಬೇಲೂರಿನಿಂದ: ಕಾದಂಬರಿ ಓದಬಹುದಾ?

ಓದಿ. ರಾಬರ್ಟ್ ಲಡ್ಲಂ 1980ರಲ್ಲಿ ಬರೆದದ್ದು. ಅದರಲ್ಲಿ ಕಾರ್ಲೋಸ್ ಎಂಬ ಭಯೋತ್ಪಾದಕನ ಬೇಟೆಯೇ ಮುಖ್ಯ, ಸಿನಿಮಾದಲ್ಲಿ ಅವನೇ ಇಲ್ಲ. ಮರೀ ಅಲ್ಲಿ ಕೆನಡಾದ ಅರ್ಥಶಾಸ್ತ್ರಜ್ಞೆ. ಹೆಸರು ಒಂದೇ, ಕತೆ ಬಹಳ ಬೇರೆ. ಲಡ್ಲಂ 2001ರಲ್ಲಿ ತೀರಿಕೊಂಡರು, ಸಿನಿಮಾ ಬಿಡುಗಡೆ ನೋಡಲಿಲ್ಲ.

ಕಡೂರಿನಿಂದ: ಯಾವ ಕ್ರಮದಲ್ಲಿ ನೋಡಬೇಕು? ಹನ್ನೊಂದು ವರ್ಷದ ಮಗನಿಗೆ ತೋರಿಸಬಹುದಾ?

‘ಐಡೆಂಟಿಟಿ’, ‘ಸುಪ್ರಿಮಸಿ’, ‘ಅಲ್ಟಿಮೇಟಮ್’, ಇದೇ ಕ್ರಮ. 2012ರ ‘ಲೆಗಸಿ’ಯಲ್ಲಿ ಜೆರೆಮಿ ರೆನ್ನರ್ ನಾಯಕ, ಅದನ್ನು ಬಿಟ್ಟರೂ ನಷ್ಟವಿಲ್ಲ. 2016ರ ‘ಜೇಸನ್ ಬೋರ್ನ್’ ಹಳೇ ಪ್ರೀತಿಗಾಗಿ ನೋಡಬಹುದು. ಮಗನಿಗೆ ಇನ್ನೆರಡು ವರ್ಷ ಆಗಲಿ. ಆಮೇಲೂ ಮೊದಲನೆಯದನ್ನು ಮಾತ್ರ, ನೀವು ಜೊತೆಗೆ ಕೂತು ತೋರಿಸಿ. ಪ್ಯಾರಿಸ್ ಮನೆಯಲ್ಲಿ ಒಬ್ಬ ಕಿಟಕಿಯಿಂದ ಹಾರಿ ಸಾಯುವ ದೃಶ್ಯ ಬಂದಾಗ ಮಗನ ಜೊತೆ ಮಾತಾಡಿ. ಮರೀ ಅಲ್ಲಿ ವಾಂತಿ ಮಾಡಿಕೊಳ್ಳುತ್ತಾಳೆ. ಕೊಲೆ ಕಂಡರೆ ಮನುಷ್ಯರಿಗೆ ಹಾಗೇ ಆಗುತ್ತದೆ ಎಂದು ಅವನಿಗೆ ಹೇಳಿ.